ಪಿಚಿಯಾದಲ್ಲಿ ಫೈಟೇಸ್: ಫ್ಲಾಸ್ಕಿನಲ್ಲಿ ಸರಿ, ಫರ್ಮೆಂಟರ್‌ನಲ್ಲಿ ಏಕೆ ಎಡವಟ್ಟು?

ಹುದುಗು_ಬುಗುರಿ (ಚರ್ಚೆ ಆರಂಭ)

ವಿವರ ಹೀಗಿದೆ. ಫೈಟೇಸ್ ಎಂದರೆ ಧಾನ್ಯದ ಫೈಟೇಟಿನಿಂದ ಫಾಸ್ಫೇಟ್ ಬಿಡಿಸುವ ಮೇವಿನ ಕಿಣ್ವ; ಅದನ್ನು ಪಿಚಿಯಾ ಎಂಬ ಯೀಸ್ಟಿನಲ್ಲಿ ಮಾಡಿಸುತ್ತಿದ್ದೇವೆ. ಇ. ಕೋಲೈ ಬ್ಯಾಕ್ಟೀರಿಯಾದ ಆಪ್‌ಎ ಫೈಟೇಸ್ ಜೀನ್. ಅದರ ಸ್ವಂತ 22 ಅಮೈನೋ ಆಮ್ಲದ ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಹೊರಗೆ ಕಳಿಸುವ ತುದಿಭಾಗ) ತೆಗೆದು, ಕೋಡಾನ್‌ಗಳನ್ನು ಯೀಸ್ಟಿಗೆ ಹೊಂದಿಸಿ ಬರೆಸಿದ್ದು. ಜೀನ್ ಹೊರುವ ವೆಕ್ಟರ್ ಪಿಪಿಕ್‌ಝಡ್-ಆಲ್ಫಾ-ಎ, ತಳಿ ಪಿಚಿಯಾ ಎಕ್ಸ್-33. ಬ್ಯಾಫಲ್ ಇರುವ ಫ್ಲಾಸ್ಕಿನಲ್ಲಿ, ಬಿಎಂಎಂವೈ ಮಾಧ್ಯಮದಲ್ಲಿ 72 ಗಂಟೆ ಮೆಥನಾಲ್ ಕೊಟ್ಟಾಗ ಜೆಲ್ ಮೇಲೆ ಒಳ್ಳೆ ಪಟ್ಟಿ ಕಾಣುತ್ತದೆ.

ಅದೇ ಕ್ಲೋನ್ 5 ಲೀಟರ್ ಫರ್ಮೆಂಟರ್‌ಗೆ ಹೋದಾಗ ಎರಡು ವಿಚಿತ್ರ. ಒಂದು, ಮೆಥನಾಲ್ ಕೊಡುವ ಮೊದಲೇ ತೆಗೆದ ಸ್ಯಾಂಪಲ್ ಅಸ್ಸೇಯಲ್ಲಿ (ಕಿಣ್ವ ಅಳೆಯುವ ಪರೀಕ್ಷೆಯಲ್ಲಿ) ಭರ್ಜರಿ ಚಟುವಟಿಕೆ ತೋರಿಸುತ್ತದೆ, 60 ಗಂಟೆಯ ನಂತರವೂ ಅಂಕಿ ಹೆಚ್ಚೇನೂ ಏರುವುದಿಲ್ಲ. ಎರಡು, ಮೆಥನಾಲ್ ಫೀಡನ್ನು ಗಂಟೆಗೆ ಲೀಟರಿಗೆ 10.9 ಮಿ.ಲೀ.ಗೆ ಏರಿಸಿದ ಮೇಲೆ ಡಿಒ (ದ್ರವದಲ್ಲಿ ಕರಗಿದ ಆಮ್ಲಜನಕ) 0–5% ನಲ್ಲಿ ನೆಲ ಕಚ್ಚಿ, ಕೆಲ ಗಂಟೆ ಕಳೆದು ತಾನಾಗಿ 80% ಗೆ ಏರುತ್ತದೆ.

ಮೆಥನಾಲ್ ಕೊಟ್ಟಾಗ ಮಾತ್ರ ಜೀನನ್ನು ಚಾಲೂ ಮಾಡಬೇಕಾದ ಎಒಎಕ್ಸ್1 ಪ್ರೊಮೋಟರ್ ಸೋರುತ್ತಿದೆಯೇ? ಜೀನಿನ ಹೆಚ್ಚು ಕಾಪಿ ಇರುವ ಕ್ಲೋನ್ ಹುಡುಕಬೇಕೇ? ಫೀಡ್ ಎಷ್ಟಿರಬೇಕು?

ಜೆಲ್_ಪಟ್ಟಿ

ಪ್ರೊಮೋಟರ್ ಮೇಲೆ ಅನುಮಾನ ಬೇಡ. ಗ್ಲಿಸರಾಲ್ ಇರುವವರೆಗೆ ಎಒಎಕ್ಸ್1 ಬಿಗಿಯಾಗಿ ಮುಚ್ಚಿರುತ್ತದೆ. ನೀವು ಅಳೆಯುತ್ತಿರುವುದು ಮಾಧ್ಯಮದ ಫಾಸ್ಫೇಟನ್ನು.

ಫೈಟೇಸ್ ಅಸ್ಸೇ ಎಂದರೆ ಫೈಟೇಟಿನಿಂದ ಬಿಡುಗಡೆಯಾದ ಅಜೈವಿಕ ಫಾಸ್ಫೇಟನ್ನು ಬಣ್ಣ ಬರಿಸಿ ಓದುವುದು. ಫರ್ಮೆಂಟರಿನ ಬೇಸಲ್ ಸಾಲ್ಟ್ಸ್ (ಉಪ್ಪುಗಳ) ಮಾಧ್ಯಮದಲ್ಲಿ ಲೀಟರಿಗೆ 85% ಫಾಸ್ಫಾರಿಕ್ ಆಮ್ಲ 26.7 ಮಿ.ಲೀ. ಹಾಕುತ್ತೀರಿ. ಲೆಕ್ಕ ಮಾಡಿ: 26.7 × 1.69 × 0.85 ÷ 98, ಅಂದರೆ 0.39 ಮೋಲ್. ಸುಮಾರು 390 ಮಿಲಿಮೋಲಾರ್ ಫಾಸ್ಫೇಟ್ ಮೊದಲ ಗಳಿಗೆಯಿಂದಲೇ ಅಲ್ಲಿ ಕೂತಿರುತ್ತದೆ.

ಇನ್ನು ಸ್ಯಾಂಪಲ್‌ನಲ್ಲಿ ನಿಜವಾದ ಕಿಣ್ವ ಮಿ.ಲೀ.ಗೆ 10 ಯೂನಿಟ್ ಇದೆ ಎಂದುಕೊಳ್ಳಿ. 100 ಪಟ್ಟು ತೆಳುಮಾಡಿ 1 ಮಿ.ಲೀ. ತೆಗೆದುಕೊಂಡು 30 ನಿಮಿಷ ಬಿಟ್ಟರೆ ಕಿಣ್ವ ಬಿಡುಗಡೆ ಮಾಡುವುದು 0.1 × 30 = 3 ಮೈಕ್ರೋಮೋಲ್. ಅದೇ 1 ಮಿ.ಲೀ. ಜೊತೆ ಮಾಧ್ಯಮದಿಂದ ಬಂದು ಬೀಳುವುದು 3.9 ಮೈಕ್ರೋಮೋಲ್. ಹಿನ್ನೆಲೆಯೇ ಸಂಕೇತಕ್ಕಿಂತ ದೊಡ್ಡದು! ಫ್ಲಾಸ್ಕಿನ ಬಿಎಂಎಂವೈಯಲ್ಲಿ ಇರುವುದು 100 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಹಾಗಾಗಿ ಅಲ್ಲಿ ಇದೇ ತೊಂದರೆ ಕಾಲುಭಾಗಕ್ಕೆ ಇಳಿದು ಕಣ್ಣಿಗೆ ಬೀಳದೆ ಹೋಗುತ್ತದೆ.

ಇನ್ನೊಂದು ಪೆಟ್ಟೂ ಇದೆ. ಫಾಸ್ಫೇಟ್ ಫೈಟೇಸನ್ನು ಪ್ರತಿಬಂಧಿಸುತ್ತದೆ. ಬ್ಲಾಂಕ್ (ಕಿಣ್ವದ ಕ್ರಿಯೆ ಇಲ್ಲದ ಹೋಲಿಕೆಯ ಓದು) ಕಳೆದರೆ ಹಿನ್ನೆಲೆ ಹೋಗಬಹುದು, ತಡೆಯ ಪರಿಣಾಮ ಹೋಗುವುದಿಲ್ಲ.

ಹುದುಗು_ಬುಗುರಿ

ಹಾಗಾದರೆ ಫಾಸ್ಫೇಟ್ ತೆಗೆಯದೆ ಅಳೆಯುವಂತೆಯೇ ಇಲ್ಲವೇ? ಪ್ರತಿ ಸ್ಯಾಂಪಲ್ ಡಯಾಲಿಸಿಸ್ ಮಾಡುತ್ತ ಕೂತರೆ ಇಡೀ ದಿನ ಅದಕ್ಕೇ ಹೋಗುತ್ತದೆ.

ಜೆಲ್_ಪಟ್ಟಿ

ಡಯಾಲಿಸಿಸ್ ಬೇಡ. ಸೆಫಾಡೆಕ್ಸ್ ಜಿ-25 ತುಂಬಿದ ಪಿಡಿ-10 ಕಾಲಂ ಸಾಕು. 25 ಮಿ.ಲೀ. ಅಸಿಟೇಟ್ ಬಫರ್ ಹಾಯಿಸಿ ಸಿದ್ಧಮಾಡಿ, 2.5 ಮಿ.ಲೀ. ಸ್ಯಾಂಪಲ್ ಹಾಕಿ, ಹೊರಬಂದದ್ದನ್ನು ಚೆಲ್ಲಿ, ಆಮೇಲೆ 3.5 ಮಿ.ಲೀ. ಬಫರ್ ಹಾಕಿ ಬರುವುದನ್ನು ಹಿಡಿಯಿರಿ. ಪ್ರೋಟೀನ್ ಅದರಲ್ಲಿರುತ್ತದೆ, ಉಪ್ಪು ಕಾಲಂನಲ್ಲೇ ಹಿಂದುಳಿಯುತ್ತದೆ. ತೆಳುವಾದ ಪ್ರಮಾಣ 1.4 ಪಟ್ಟು, ಲೆಕ್ಕದಲ್ಲಿ ಗುಣಿಸುವುದನ್ನು ಮರೆಯಬೇಡಿ. ಕಾಲಂ ತೊಳೆದು ಮತ್ತೆ ಬಳಸಬಹುದು.

ಅಸ್ಸೇ: ಪಿಎಚ್ 5.5ರ ಸೋಡಿಯಂ ಅಸಿಟೇಟ್ ಬಫರ್, 37 ಡಿಗ್ರಿ ಸೆಲ್ಸಿಯಸ್, ಸೋಡಿಯಂ ಫೈಟೇಟ್ ಸುಮಾರು 5 ಮಿಲಿಮೋಲಾರ್. ನಿಮಿಷಕ್ಕೆ 1 ಮೈಕ್ರೋಮೋಲ್ ಫಾಸ್ಫೇಟ್ ಬಿಟ್ಟರೆ ಅದು 1 ಯೂನಿಟ್. ಅಮೋನಿಯಂ ಮಾಲಿಬ್ಡೇಟ್, ವನಾಡೇಟ್ ಮತ್ತು ನೈಟ್ರಿಕ್ ಆಮ್ಲದ ದ್ರಾವಣ ಹಾಕಿ ನಿಲ್ಲಿಸಿ, 415 ನ್ಯಾನೋಮೀಟರಿನಲ್ಲಿ ಓದಿ. ಪ್ರತಿ ಸ್ಯಾಂಪಲ್‌ಗೂ ಅದರದೇ ಬ್ಲಾಂಕ್ ಬೇಕು: ಮೊದಲು ನಿಲ್ಲಿಸುವ ದ್ರಾವಣ, ಆಮೇಲೆ ಕಿಣ್ವ. ನೀರಿನ ಬ್ಲಾಂಕ್ ಇಟ್ಟು ಕೈತೊಳೆದುಕೊಂಡರೆ ಆಗದು. ಫೈಟೇಟ್ ಡಬ್ಬಿಯಲ್ಲೂ ಬಿಡಿ ಫಾಸ್ಫೇಟ್ ಇರುತ್ತದೆ, ನೀರಿನ ಅಂಶವೂ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಹೊಸ ಡಬ್ಬಿ ತೆರೆದಾಗ ಬರೀ ಸಬ್‌ಸ್ಟ್ರೇಟಿನ ಹಿನ್ನೆಲೆ ಅಳೆದು ಬರೆದಿಡಿ.

15 ಮತ್ತು 30 ನಿಮಿಷ ಎರಡರಲ್ಲೂ ಓದಿ. 30ರದ್ದು 15ರ ದುಪ್ಪಟ್ಟು ಆಗದಿದ್ದರೆ ಕಿಣ್ವ ಹೆಚ್ಚಾಗಿದೆ, ಇನ್ನಷ್ಟು ತೆಳುಮಾಡಿ.

ಮಲೆನಾಡ_ಯೀಸ್ಟ್

ಅಸ್ಸೇ ಮಾತು ಒಪ್ಪಿದೆ, ಆದರೂ ಕನ್‌ಸ್ಟ್ರಕ್ಟ್ (ವೆಕ್ಟರಿನಲ್ಲಿ ಕಟ್ಟಿದ ಜೀನ್) ಒಮ್ಮೆ ತಿರುಗಿ ನೋಡಿ. ಪ್ರೋಟೀನನ್ನು ಹೊರಗೆ ಕಳಿಸಲು ವೆಕ್ಟರ್ ಅದರ ಮುಂದೆ ಸೇರಿಸುವ ಆಲ್ಫಾ ಫ್ಯಾಕ್ಟರ್ ಪ್ರೀಪ್ರೋ ಭಾಗವನ್ನು ಕೆಕ್ಸ್2 ಎಂಬ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಲೈಸಿನ್–ಆರ್ಜಿನಿನ್ ಜೋಡಿಯ ನಂತರ ಕತ್ತರಿಸುತ್ತದೆ. ಆಮೇಲೆ ಉಳಿಯುವ ಗ್ಲುಟಾಮಿಕ್–ಅಲನಿನ್ ಪುನರಾವರ್ತನೆಯನ್ನು ಎಸ್‌ಟಿಇ13 ಎಂಬ ಇನ್ನೊಂದು ಕಿಣ್ವ ತೆಗೆಯಬೇಕು. ಪ್ರೋಟೀನ್ ರಭಸದಲ್ಲಿ ಹೊರಬರುವಾಗ ಆ ಕೆಲಸ ಅರ್ಧಂಬರ್ಧವಾಗುತ್ತದೆ, ಎನ್-ತುದಿಯಲ್ಲಿ ನಾಲ್ಕು ಅಮೈನೋ ಆಮ್ಲದ ಬಾಲ ಉಳಿಯುತ್ತದೆ. ಮೇವಿನ ಫೈಟೇಸಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಸ್ವಚ್ಛ ತುದಿಯೇ ಬೇಕಿದ್ದರೆ ಎಕ್ಸ್‌ಎಚ್‌ಒ-1 ತಾಣದಲ್ಲಿ ಕತ್ತರಿಸಿ, ಮುಂದಿನ ಪ್ರೈಮರಿನಲ್ಲಿ ಲೈಸಿನ್–ಆರ್ಜಿನಿನ್ ಕೋಡಾನ್‌ಗಳನ್ನು ಮರಳಿ ಕಟ್ಟಿ, ನೇರವಾಗಿ ಆಪ್‌ಎಯ ಮೊದಲ ಗ್ಲುಟಮಿನ್‌ಗೆ ಜೋಡಿಸಿ. ಪುನರಾವರ್ತನೆಯನ್ನು ಬಿಟ್ಟಾಗ ಕೆಲವು ಪ್ರೋಟೀನುಗಳಲ್ಲಿ ಕೆಕ್ಸ್2 ಸರಿಯಾಗಿ ಕತ್ತರಿಸದೆ ಇಳುವರಿ ಇಳಿಯುತ್ತದೆ. ಎರಡೂ ರೂಪ ಕಟ್ಟಿ ಪಕ್ಕಪಕ್ಕದಲ್ಲಿ ನೋಡುವುದು ಲೇಸು.

ವೆಕ್ಟರನ್ನು ಇ. ಕೋಲೈಯಲ್ಲಿ ಬೆಳೆಸುವಾಗ ಝಿಯೋಸಿನ್ (ವೆಕ್ಟರ್ ಇರುವ ಕೋಶಗಳನ್ನಷ್ಟೇ ಉಳಿಸುವ ಆ್ಯಂಟಿಬಯಾಟಿಕ್) ಮಿ.ಲೀ.ಗೆ 25 ಮೈಕ್ರೋಗ್ರಾಂ, ಉಪ್ಪು ಲೀಟರಿಗೆ 5 ಗ್ರಾಂ ಮೀರದ ಎಲ್‌ಬಿ ಮಾಧ್ಯಮ, ಪಿಎಚ್ 7.5. ಮಾಮೂಲಿ 10 ಗ್ರಾಂ ಉಪ್ಪಿನ ಎಲ್‌ಬಿಯಲ್ಲಿ ಝಿಯೋಸಿನ್ ಕೆಲಸ ಮಾಡದು, ಪ್ಲೇಟ್ ತುಂಬ ಸುಳ್ಳು ಕಾಲೊನಿ. ಬೆಳಕೂ ಅದಕ್ಕೆ ಆಗದು, ಪ್ಲೇಟ್‌ಗಳನ್ನು ಕತ್ತಲಲ್ಲಿಡಿ.

ಉಂಗುರದಂತಿರುವ ವೆಕ್ಟರನ್ನು ಕತ್ತರಿಸಿ ನೇರಗೊಳಿಸಲು ಸ್ಯಾಕ್-1 ಅಥವಾ ಪಿಎಂಇ-1 ಕಿಣ್ವ. ನಿಮ್ಮ ಜೀನಿನೊಳಗೆ ಅದೇ ತಾಣ ಇಲ್ಲವೆಂದು ಜೀನ್ ಬರೆಸುವ ಮೊದಲೇ ಖಾತ್ರಿಯಾಗಬೇಕು. ಆರ್ಡರ್ ಕೊಟ್ಟ ಮೇಲೆ ನೋಡಿ ಫಲವಿಲ್ಲ.

ಎಲೆಕ್ಟ್ರೋಪೊರೇಶನ್ (ವಿದ್ಯುತ್ ಪೆಟ್ಟಿನಿಂದ ಡಿಎನ್ಎ ಒಳಸೇರಿಸುವುದು): ವೈಪಿಡಿ ಮಾಧ್ಯಮದಲ್ಲಿ ಓಡಿ (ಕಲ್ಚರಿನ ಮಬ್ಬಿನ ಅಳತೆ) 1.3–1.5ಕ್ಕೆ ಬಂದ 500 ಮಿ.ಲೀ. ಕಲ್ಚರ್, ಐಸ್ ನೀರಿನಲ್ಲಿ ಎರಡು ಸಲ, 1 ಮೋಲಾರ್ ಸಾರ್ಬಿಟಾಲ್‌ನಲ್ಲಿ ಒಂದು ಸಲ ತೊಳೆದು ಕೊನೆಗೆ 1 ಮಿ.ಲೀ. ಸಾರ್ಬಿಟಾಲ್‌ನಲ್ಲಿ ಕದಡಿ. ಅದರಲ್ಲಿ 80 ಮೈಕ್ರೋಲೀಟರ್, ಜೊತೆಗೆ 5–10 ಮೈಕ್ರೋಗ್ರಾಂ ನೇರಗೊಳಿಸಿದ ಡಿಎನ್ಎ, 0.2 ಸೆಂ.ಮೀ. ಕ್ಯುವೆಟ್, 1.5 ಕಿಲೋವೋಲ್ಟ್, 25 ಮೈಕ್ರೋಫ್ಯಾರಡ್, 200 ಓಮ್. ಪಲ್ಸ್ ಆದ ತಕ್ಷಣ 1 ಮಿ.ಲೀ. ತಣ್ಣನೆ ಸಾರ್ಬಿಟಾಲ್. ಕ್ಯುವೆಟ್ ‘ಫಟ್’ ಎಂದರೆ ಡಿಎನ್ಎಯಲ್ಲಿ ಉಪ್ಪು ಉಳಿದಿದೆ ಎಂದರ್ಥ. ಎಥನಾಲ್‌ನಲ್ಲಿ ಇಳಿಸಿದ ಮೇಲೆ 70% ಎಥನಾಲ್‌ನಿಂದ ಚೆನ್ನಾಗಿ ತೊಳೆದು ನೀರಿನಲ್ಲೇ ಕರಗಿಸಿ, ಟಿಇ ಬಫರ್ ಬೇಡ. 30 ಡಿಗ್ರಿಯಲ್ಲಿ 1–2 ಗಂಟೆ ಅಲುಗಾಡಿಸದೆ ಬಿಟ್ಟು, ಸಾರ್ಬಿಟಾಲ್ ಇರುವ ವೈಪಿಡಿಎಸ್ ಪ್ಲೇಟ್ ಮೇಲೆ 100 ಮೈಕ್ರೋಗ್ರಾಂ ಝಿಯೋಸಿನ್‌ನಲ್ಲಿ ಹರಡಿ.

ಕಾಪಿ ಹೆಚ್ಚು ಬೇಕಿದ್ದರೆ 500, 1000, 2000 ಮೈಕ್ರೋಗ್ರಾಂ ಪ್ಲೇಟ್‌ಗಳಲ್ಲೂ ಹರಡಬಹುದು. ಕಾಪಿ ಏರಿದಷ್ಟೂ ಕಿಣ್ವ ಏರುತ್ತದೆ.

ಕೋಶದ_ಅಡುಗೆಮನೆ

ಕೊನೆ ಸಾಲಿಗೆ ತಕರಾರಿದೆ. ಒಂದರಿಂದ ಎರಡು ಮೂರಕ್ಕೆ ಹೋಗುವಾಗ ಏರುತ್ತದೆ, ಸರಿ. ಆಮೇಲೂ ಅದೇ ಜಾಡಿನಲ್ಲಿ ಏರುತ್ತದೆ ಎಂಬ ಭರವಸೆ ಇಲ್ಲ, ಅದೂ ಸ್ರವಿಸುವ ಪ್ರೋಟೀನಿಗೆ. ಆಪ್‌ಎಯಲ್ಲಿ ನಾಲ್ಕು ಡೈಸಲ್ಫೈಡ್ ಸೇತುವೆಗಳಿವೆ, ಅವುಗಳಲ್ಲಿ ಒಂದು ಅನುಕ್ರಮದಲ್ಲಿ ಅಕ್ಕಪಕ್ಕ ಬರದ ಸಿಸ್ಟೀನ್‌ಗಳ ನಡುವೆ. ಇ. ಕೋಲೈಯಲ್ಲೇ ಅದನ್ನು ಸರಿಪಡಿಸಲು ಡಿಎಸ್‌ಬಿಸಿ ಎಂಬ ಐಸೋಮರೇಸ್ ಬೇಕಾಗುತ್ತದೆ. ಯೀಸ್ಟಿನ ಇಆರ್ ಎಂಬ ಕೋಶಭಾಗದಲ್ಲಿ ಆ ಮಡಚುವ ಕೆಲಸಕ್ಕೆ ಮಿತಿಯಿದೆ. ಎಂಆರ್‌ಎನ್‌ಎ ಸುರಿದಷ್ಟೂ ಸರಿಯಾಗಿ ಮಡಚದ ಪ್ರೋಟೀನ್ ಒಳಗೆ ರಾಶಿಬಿದ್ದು, ಕೋಶ ಒತ್ತಡದ ಪ್ರತಿಕ್ರಿಯೆ ಶುರುಮಾಡಿ ಅದನ್ನೇ ಕೆಡವುತ್ತದೆ.

ಪತ್ತೆ ಹಚ್ಚುವುದು ಸುಲಭ: ಕೋಶಗಳನ್ನು ಗಾಜಿನ ಮಣಿ ಹಾಕಿ ಒಡೆದು, ಒಳಗಿನದ್ದು ಹೊರಗಿನದ್ದು ಎರಡನ್ನೂ ಒಂದೇ ಜೆಲ್‌ನಲ್ಲಿ ಓಡಿಸಿ ವೆಸ್ಟರ್ನ್ (ಪ್ರತಿಕಾಯ ಬಳಸಿ ಪ್ರೋಟೀನ್ ಗುರುತಿಸುವುದು) ಮಾಡಿ. ಒಳಗೆ ದಪ್ಪ ಪಟ್ಟಿ, ಹೊರಗೆ ತೆಳು ಎಂದರೆ ಕಾಪಿ ಕಡಿಮೆ ಮಾಡಿ, ಇಲ್ಲವೇ ಮಡಚಲು ನೆರವಾಗುವ ಪಿಡಿಐ ಜೀನನ್ನು ಜೊತೆಗೆ ಹಾಕಿ, ಇಲ್ಲವೇ ಇಂಡಕ್ಷನ್ (ಮೆಥನಾಲ್ ಕೊಡುವ ಹಂತದ) ತಾಪಮಾನವನ್ನು 25ಕ್ಕೆ ಇಳಿಸಿ. ಮೂರರಲ್ಲಿ ಕೊನೆಯದು ಖರ್ಚಿಲ್ಲದ್ದು, ಅದನ್ನೇ ಮೊದಲು ಮಾಡಿ.

ಝಿಯೋಸಿನ್ 2000ದಲ್ಲಿ ಬದುಕಿದ್ದಕ್ಕೆಲ್ಲ ಕಾಪಿ ಹೆಚ್ಚಿರುತ್ತದೆ ಎಂಬುದೂ ಖಾತ್ರಿಯಿಲ್ಲ. ಕ್ಯೂಪಿಸಿಆರ್ ಮಾಡಿ ಎಣಿಸಿ. ಪಿಚಿಯಾದಲ್ಲಿ ಡಿಎನ್ಎ ಗುರಿಬಿಟ್ಟು ಬೇರೆಡೆ ಸೇರಿಕೊಳ್ಳುವುದೂ ಸಾಮಾನ್ಯ. ಒಂದೇ ಟ್ರಾನ್ಸ್‌ಫಾರ್ಮೇಶನ್‌ನಿಂದ ಬಂದ, ಒಂದೇ ಕಾಪಿಯ ಕ್ಲೋನ್‌ಗಳ ನಡುವೆಯೂ ವ್ಯತ್ಯಾಸ ಕಾಣುವುದು ಅದಕ್ಕೇ. ನಾಲ್ಕೈದು ಕಾಲೊನಿ ಆರಿಸಿ ‘ಇದೇ ಬೆಸ್ಟ್’ ಅನ್ನುವಂತಿಲ್ಲ, 24 ಗುಳಿಯ ಆಳದ ಪ್ಲೇಟಿನಲ್ಲಿ ಕನಿಷ್ಠ 50ರಷ್ಟು ಓಡಿಸಿ.

ಮಲೆನಾಡ_ಯೀಸ್ಟ್

ಸ್ರವಿಸುವ ಪ್ರೋಟೀನಿನ ಮಟ್ಟಿಗೆ ಒಪ್ಪಿದೆ. ಕೋಶದೊಳಗೇ ಉಳಿಯುವ ಪ್ರೋಟೀನಿನಲ್ಲಿ ಕಾಪಿಗೆ ಬೆಲೆ ಜಾಸ್ತಿ.

ಹುದುಗು_ಬುಗುರಿ

50 ಕ್ಲೋನ್‌ಗೆ ಪಿಡಿ-10 ಅಂದರೆ ಕಷ್ಟ. ಕ್ಯಾಲ್ಸಿಯಂ ಫೈಟೇಟ್ ಪ್ಲೇಟಿನಲ್ಲಿ ಕಾಲೊನಿ ಸುತ್ತ ತಿಳಿ ವೃತ್ತ ನೋಡಿ ಆರಿಸಬಹುದೇ?

ಜೆಲ್_ಪಟ್ಟಿ

ಬರೀ ತಿಳಿ ವೃತ್ತ ನಂಬಬೇಡಿ. ಪಿಚಿಯಾ ಬೆಳೆಯುತ್ತ ಮಾಧ್ಯಮವನ್ನು ಹುಳಿಮಾಡುತ್ತದೆ, ಆಮ್ಲದಲ್ಲಿ ಕ್ಯಾಲ್ಸಿಯಂ ಫೈಟೇಟ್ ಸುಮ್ಮನೆ ಕರಗುತ್ತದೆ. ಖಾಲಿ ವೆಕ್ಟರ್ ಇರುವ ಕಾಲೊನಿಯೂ ವೃತ್ತ ಬಿಡುತ್ತದೆ. ಕಾಲೊನಿ ತೊಳೆದು ತೆಗೆದು ಪ್ಲೇಟ್ ಮೇಲೆ 2% ಕೋಬಾಲ್ಟ್ ಕ್ಲೋರೈಡ್ ಸುರಿದು 5 ನಿಮಿಷ ಬಿಡಿ, ಚೆಲ್ಲಿ, ಆಮೇಲೆ 6.25% ಅಮೋನಿಯಂ ಮಾಲಿಬ್ಡೇಟ್ ಮತ್ತು 0.42% ಅಮೋನಿಯಂ ವನಾಡೇಟ್ ಸಮಪ್ರಮಾಣದಲ್ಲಿ ಬೆರೆಸಿ ಸುರಿಯಿರಿ. ಆಮ್ಲದಿಂದ ಆದ ವೃತ್ತ ಮತ್ತೆ ಮಬ್ಬಾಗುತ್ತದೆ, ಕಿಣ್ವದಿಂದ ಆದದ್ದು ತಿಳಿಯಾಗಿಯೇ ಉಳಿಯುತ್ತದೆ.

24 ಗುಳಿ ಪ್ಲೇಟಿಗಾದರೆ ಬಫರನ್ನೇ ಬದಲಿಸಿ. ಫಾಸ್ಫೇಟ್ ಬದಲು ಸಿಟ್ರೇಟ್ ಅಥವಾ ಸಕ್ಸಿನೇಟ್, ಪಿಎಚ್ 5.5–6. ಪೆಪ್ಟೋನ್, ಯೀಸ್ಟ್ ಸಾರ, ವೈಎನ್‌ಬಿ ಪೋಷಕ ಮಿಶ್ರಣದಲ್ಲಿ ಇರುವ ಫಾಸ್ಫೇಟ್ ಬೆಳವಣಿಗೆಗೆ ಸಾಲುತ್ತದೆ. ಒಂದು ಎಚ್ಚರ: ಫಾಸ್ಫೇಟ್ ತೀರಾ ಕಡಿಮೆಯಾದರೆ ಪಿಚಿಯಾ ತನ್ನದೇ ಆಮ್ಲೀಯ ಫಾಸ್ಫಟೇಸನ್ನು ಹೊರಬಿಡುತ್ತದೆ. ಹಾಗಾಗಿ ಪ್ರತಿ ಪ್ಲೇಟಿನಲ್ಲೂ ಖಾಲಿ ವೆಕ್ಟರ್‌ನ ಕ್ಲೋನ್ ಎರಡು ಗುಳಿಯಲ್ಲಿ ಇರಲೇಬೇಕು.

ಪಾಳಿ_ಮೂರು

ಈಗ ಡಿಒ ವಿಚಾರ. ಕಿಣ್ವ ಬಾರದಿರಲು ಅಸಲಿ ಕಾರಣ ಇಲ್ಲಿದೆ.

ಗಂಟೆಗೆ ಲೀಟರಿಗೆ 10.9 ಮಿ.ಲೀ. ಎಂಬುದು ಪ್ರಚಲಿತ ವಿಧಾನಪತ್ರದ ಕೊನೆಯ ಹಂತದ ಅಂಕಿ: ಮೊದಲು 3.6, ಆಮೇಲೆ 7.3, ಕೊನೆಗೆ 10.9. ಅದನ್ನು ಕಣ್ಣುಮುಚ್ಚಿ ಪಾಲಿಸುವ ಮೊದಲು ನಿಮ್ಮ ಟ್ಯಾಂಕ್ ಎಷ್ಟು ಆಮ್ಲಜನಕ ಕೊಡಬಲ್ಲದು ಅಂತ ಕೇಳಿಕೊಳ್ಳಿ. 10.9 × 0.79 = 8.6 ಗ್ರಾಂ ಮೆಥನಾಲ್, ಅಂದರೆ 0.27 ಮೋಲ್. ಪೂರ್ತಿ ಉರಿದರೆ ಮೋಲಿಗೆ 1.5 ಮೋಲ್ ಆಮ್ಲಜನಕ ಬೇಕು, ಒಂದಷ್ಟು ಕೋಶದ ಮೈಗೆ ಸೇರುವುದರಿಂದ ಸುಮಾರು 1 ಎಂದಿಟ್ಟುಕೊಳ್ಳೋಣ. ಗಂಟೆಗೆ ಲೀಟರಿಗೆ 270 ಮಿಲಿಮೋಲ್! ಬರೀ ಗಾಳಿ ಊದುವ ಮಾಮೂಲಿ ಪ್ರಯೋಗಾಲಯದ ಟ್ಯಾಂಕ್ 100–150 ದಾಟುವುದೇ ಕಷ್ಟ.

ನಿಮ್ಮದು 120 ಕೊಡುತ್ತದೆ ಅಂದುಕೊಳ್ಳಿ. ಕೋಶಗಳು ಉಣ್ಣುವುದು 0.12 ಮೋಲ್, ನೀವು ಸುರಿಯುವುದು 0.27. ಮಿಕ್ಕ 0.15 ಮೋಲ್, ಅಂದರೆ 4.8 ಗ್ರಾಂ, ಪ್ರತಿ ಗಂಟೆ ಪ್ರತಿ ಲೀಟರಿನಲ್ಲಿ ಕೂಡುತ್ತ ಹೋಗುತ್ತದೆ. ಲೀಟರಿಗೆ ನಾಲ್ಕು ಗ್ರಾಂ ಆಸುಪಾಸಿನಲ್ಲೇ ಮೆಥನಾಲ್ ಬೆಳವಣಿಗೆಗೆ ಅಡ್ಡಬರಲು ಶುರು. ಎಒಎಕ್ಸ್ ಕಿಣ್ವ ಅದನ್ನು ಪೆರಾಕ್ಸಿಸೋಮಿನೊಳಗೆ ಫಾರ್ಮಾಲ್ಡಿಹೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಮುಂದಿನ ಹಂತಗಳು ಹಿಂದೆ ಬಿದ್ದರೆ ಕೋಶ ತನ್ನದೇ ಫಾರ್ಮಾಲ್ಡಿಹೈಡಿನಲ್ಲಿ ಸಾಯುತ್ತದೆ. ಡಿಒ ತಾನಾಗಿ 80% ಗೆ ಏರಿದ್ದು ಇದಕ್ಕೇ: ಉಸಿರಾಡುವವರೇ ಇಲ್ಲ. ಓಡಿ ಆಗಲೂ ಇಳಿಯುವುದಿಲ್ಲ, ಸತ್ತ ಕೋಶವೂ ಬೆಳಕನ್ನು ಚದುರಿಸುತ್ತದೆ. ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನೀಲಿಯೆಲ್ಲ ಸತ್ತದ್ದು.

ಸರಿಯಾದ ಕ್ರಮ. ಬ್ಯಾಚ್‌ನಲ್ಲಿ ಲೀಟರಿಗೆ 40 ಗ್ರಾಂ ಗ್ಲಿಸರಾಲ್, 30 ಡಿಗ್ರಿ, ಪಿಎಚ್ 5. ಗ್ಲಿಸರಾಲ್ ಮುಗಿದಾಗ ಡಿಒ ಜಿಗಿಯುತ್ತದೆ, ಸಾಮಾನ್ಯವಾಗಿ 18–24 ಗಂಟೆಗೆ, ಹಸಿ ಕೋಶ ಲೀಟರಿಗೆ 90–150 ಗ್ರಾಂ. ಆಮೇಲೆ 50% ಗ್ಲಿಸರಾಲ್ ಫೀಡ್, ಅದರ ಲೀಟರಿಗೆ 12 ಮಿ.ಲೀ. ಪಿಟಿಎಂ1 (ಸೂಕ್ಷ್ಮ ಲವಣಗಳ ದ್ರಾವಣ), ಗಂಟೆಗೆ ಲೀಟರಿಗೆ 18 ಮಿ.ಲೀ. ಹತ್ತಿರ, ಸುಮಾರು 4 ಗಂಟೆ. ಇಲ್ಲೂ ಡಿಒ 20% ಕೆಳಗೆ ಹೋಗದಂತೆ ಫೀಡ್ ತಗ್ಗಿಸಿ. ಆಮ್ಲಜನಕ ಸಾಲದಾದಾಗ ಯೀಸ್ಟ್ ಎಥನಾಲ್ ಮಾಡುತ್ತದೆ, ಎಥನಾಲ್ ಎಒಎಕ್ಸ್1 ಅನ್ನು ಅದುಮಿಡುತ್ತದೆ, ಮುಂದೆ ಮೆಥನಾಲ್ ಕೊಟ್ಟರೂ ಪ್ರೊಮೋಟರ್ ಏಳುವುದಿಲ್ಲ. ಗ್ಲಿಸರಾಲ್ ನಿಲ್ಲಿಸಿ ಅರ್ಧ ಗಂಟೆ ಉಪವಾಸ ಕೆಡವಿ, ಆಮೇಲಷ್ಟೇ ಮೆಥನಾಲ್, 3.6 ಅಥವಾ ಅದಕ್ಕೂ ಕಡಿಮೆ. ಎಒಎಕ್ಸ್ ತಯಾರಾಗಲು ಎರಡು ಮೂರು ಗಂಟೆ ಹಿಡಿಯುತ್ತದೆ, ಅಲ್ಲಿಯವರೆಗೆ ಏರಿಸಬೇಡಿ.

ಏರಿಸುವ ಮೊದಲು ಪ್ರತಿ ಸಲ ಡಿಒ ಪರೀಕ್ಷೆ. ಪಂಪ್ ನಿಲ್ಲಿಸಿ. ಒಂದು ನಿಮಿಷದೊಳಗೆ ಡಿಒ 10% ಮೇಲೇರಿದರೆ ಮೆಥನಾಲ್ ಕೂಡಿಲ್ಲ, ಏರಿಸಬಹುದು. ಎರಡು ಮೂರು ನಿಮಿಷವಾದರೂ ಅಲ್ಲಾಡದಿದ್ದರೆ ಟ್ಯಾಂಕಿನಲ್ಲಿ ಮೆಥನಾಲ್ ಬಿದ್ದಿದೆ, ಡಿಒ ಏರುವವರೆಗೆ ಪಂಪ್ ಮುಟ್ಟಬೇಡಿ. ನಿಮ್ಮ ಟ್ಯಾಂಕಿಗೆ, 120 ಮಿಲಿಮೋಲ್ ಲೆಕ್ಕದಲ್ಲಿ, ಗಂಟೆಗೆ ಲೀಟರಿಗೆ 4.5–5 ಮಿ.ಲೀ.ಯೇ ಮೇಲ್ಮಿತಿ. ಅದಕ್ಕಿಂತ ಬೇಕೆಂದರೆ ಶುದ್ಧ ಆಮ್ಲಜನಕ ಬೆರೆಸಿ.

ಹುದುಗು_ಬುಗುರಿ

ಆಮ್ಲಜನಕದ ಸಿಲಿಂಡರ್ ಇದೆ. ಹಾಗಾದರೆ 10.9ಕ್ಕೆ ಹೋಗಲು ಅಡ್ಡಿಯಿಲ್ಲ ತಾನೇ?

ಪಾಳಿ_ಮೂರು

ಶಾಖ ಅಡ್ಡಬರುತ್ತದೆ. ಒಂದು ಮೋಲ್ ಆಮ್ಲಜನಕ ಬಳಕೆಯಾದರೆ ಸುಮಾರು 460 ಕಿಲೋಜೂಲ್ ಹೊರಬೀಳುತ್ತದೆ. 0.27 ಮೋಲಿಗೆ ಗಂಟೆಗೆ 124 ಕಿಲೋಜೂಲ್, ಅಂದರೆ ಲೀಟರಿಗೆ 34 ವ್ಯಾಟ್. 3 ಲೀಟರ್ ದ್ರವಕ್ಕೆ ನೂರು ವ್ಯಾಟ್, ಜಾಕೆಟ್ ತಡೆದೀತು. 1000 ಲೀಟರಿಗೆ 34 ಕಿಲೋವ್ಯಾಟ್, ಅದರ ಮೇಲೆ ಕಲಕುವ ಮೋಟಾರಿನ ಬಿಸಿ ಬೇರೆ. ಬೇಸಿಗೆಯ ರಾಯಚೂರಿನಲ್ಲಿ ಬರೀ ಕೂಲಿಂಗ್ ಟವರ್ ನೀರು ನಂಬಿ 28 ಡಿಗ್ರಿ ಹಿಡಿಯಲಾಗದು, ಚಿಲ್ಲರ್ ಬೇಕೇ ಬೇಕು. 32 ದಾಟಿತೆಂದರೆ ಇಂಡಕ್ಷನ್ ಕೆಟ್ಟಂತೆಯೇ.

ಮೆಥನಾಲ್ ಜೊತೆ ಸಾರ್ಬಿಟಾಲ್ ಬೆರೆಸಿ ಕೊಡುವ ದಾರಿಯೂ ಇದೆ. ಗ್ಲಿಸರಾಲಿನಂತೆ ಸಾರ್ಬಿಟಾಲ್ ಎಒಎಕ್ಸ್1 ಅನ್ನು ಅದುಮುವುದಿಲ್ಲ, ಆಮ್ಲಜನಕದ ಹಸಿವೂ ಶಾಖವೂ ತಗ್ಗುತ್ತವೆ.

ಸಿಲಿಂಡರ್ ಮತ್ತು ಮೆಥನಾಲ್ ಡಬ್ಬ ಒಂದೇ ಮೂಲೆಯಲ್ಲಿ ಇಡಬೇಡಿ, ದಯವಿಟ್ಟು. ಮೆಥನಾಲ್ 11–12 ಡಿಗ್ರಿಯಲ್ಲೇ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ, ಜ್ವಾಲೆ ಹಗಲಲ್ಲಿ ಕಾಣುವುದೇ ಇಲ್ಲ.

ಉಪ್ಪಿನ_ಲೆಕ್ಕ

ಮಾಧ್ಯಮದ ಬಗ್ಗೆ ಯಾರೂ ಹೇಳಲಿಲ್ಲ. ಬೇಸಲ್ ಸಾಲ್ಟ್ಸ್, ಲೀಟರಿಗೆ: ಕ್ಯಾಲ್ಸಿಯಂ ಸಲ್ಫೇಟ್ 0.93 ಗ್ರಾಂ, ಪೊಟ್ಯಾಸಿಯಂ ಸಲ್ಫೇಟ್ 18.2, ಮೆಗ್ನೀಸಿಯಂ ಸಲ್ಫೇಟ್ (ಏಳು ನೀರಿನದು) 14.9, ಪೊಟ್ಯಾಸಿಯಂ ಹೈಡ್ರಾಕ್ಸೈಡ್ 4.13, ಗ್ಲಿಸರಾಲ್ 40, ಮತ್ತು ಮೇಲೆ ಹೇಳಿದ ಫಾಸ್ಫಾರಿಕ್ ಆಮ್ಲ. ಇದನ್ನು ಹುಳಿಯಾಗಿದ್ದಾಗಲೇ ಆಟೋಕ್ಲೇವ್ ಮಾಡಿ. ತಣಿದ ಮೇಲೆ ಅಮೋನಿಯಾ ದ್ರಾವಣ ಹನಿಸಿ 5ಕ್ಕೆ ತಂದು, ಕೊನೆಗೆ ಸೋಸಿ ಶುದ್ಧಮಾಡಿದ ಪಿಟಿಎಂ1 ಲೀಟರಿಗೆ 4.35 ಮಿ.ಲೀ. ಹಾಕಿ. ಮೊದಲೇ ಪಿಎಚ್ ಏರಿಸಿ ಬಿಸಿಮಾಡಿದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಫಾಸ್ಫೇಟ್‌ಗಳು ಬಿಳಿ ಗಸಿಯಾಗಿ ಇಳಿಯುತ್ತವೆ. ಓಡಿ ಸುಳ್ಳಾಗುತ್ತದೆ, ಗಾಳಿ ಬಿಡುವ ಸ್ಪಾರ್ಜರ್ ಕಟ್ಟಿಕೊಳ್ಳುತ್ತದೆ. ಉಪ್ಪನ್ನು ಅರ್ಧಕ್ಕೆ ಇಳಿಸಿದರೂ ಪಿಚಿಯಾ ಬೆಳೆಯುತ್ತದೆ. ನಿಮ್ಮ ಫಾಸ್ಫೇಟ್ ತಲೆನೋವೂ ಅರ್ಧವಾಗುತ್ತದೆ.

ಪಿಎಚ್ ಹಿಡಿಯಲು ಸೋಡಿಯಂ ಹೈಡ್ರಾಕ್ಸೈಡ್ ಬಳಸಬೇಡಿ. ಪಟ್ಟಿಯನ್ನು ಮತ್ತೆ ಓದಿ, ಅದರಲ್ಲಿ ಸಾರಜನಕವೇ ಇಲ್ಲ! ಯೀಸ್ಟಿಗೆ ಸಾರಜನಕ ಸಿಗುವುದು ಪಿಎಚ್ ಸರಿಪಡಿಸಲು ಹಾಕುವ 28% ಅಮೋನಿಯಾದಿಂದ ಮಾತ್ರ. ಅಮೋನಿಯಾ ಬಾಟಲಿ ರಾತ್ರಿ ಖಾಲಿಯಾದರೆ ಪಿಎಚ್ ಇಳಿಯುವುದಷ್ಟೇ ಅಲ್ಲ, ಸಾರಜನಕಕ್ಕೆ ಹಸಿದ ಕೋಶಗಳಿಂದ ಪ್ರೋಟಿಯೇಸ್ ಕೂಡ ಹೊರಬರುತ್ತದೆ.

ಪಿಟಿಎಂ1 ಲೀಟರಿಗೆ 65 ಗ್ರಾಂ ಫೆರಸ್ ಸಲ್ಫೇಟ್ ಇರುವ ದ್ರಾವಣ. ತಿಳಿ ಹಸಿರಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಗಸಿ ಕೂತಿದ್ದರೆ ಹೊಸದು ಮಾಡಿ. ಅದರಲ್ಲಿರುವ 0.2 ಗ್ರಾಂ ಬಯೋಟಿನ್ ಮರೆತರೆ ಬೆಳವಣಿಗೆ ಕುಂಟುತ್ತದೆ, ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ.

ಕೋಶದ_ಅಡುಗೆಮನೆ

ಪ್ರೋಟಿಯೇಸ್ ಮಾತು ಬಂತಲ್ಲ. ಜೆಲ್‌ನಲ್ಲಿ 48 ಗಂಟೆಗೆ ಗಟ್ಟಿ ಪಟ್ಟಿ, 72ಕ್ಕೆ ಕೆಳಗೆ ಚೂರುಚೂರು ಪಟ್ಟಿಗಳು ಎಂದರೆ ಅದೇ. ಪಿಎಚ್ 5ರಿಂದ 6ಕ್ಕೆ ಅಥವಾ 4ಕ್ಕೆ ಸರಿಸಿ ನೋಡಿ, ಪಿಚಿಯಾ 3ರಿಂದ 7ರವರೆಗೂ ಬೆಳೆಯುವುದರಿಂದ ಕೈಯಾಡಿಸಲು ಜಾಗವಿದೆ. ಫ್ಲಾಸ್ಕಿನಲ್ಲಾದರೆ 1% ಕ್ಯಾಸಮಿನೋ ಆಮ್ಲ. ಪಿಇಪಿ4 ಪ್ರೋಟಿಯೇಸ್ ಜೀನ್ ಇಲ್ಲದ ಎಸ್‌ಎಂಡಿ1168 ತಳಿ ಕೊನೆಯ ಆಯ್ಕೆ, ಅದು ಬೆಳೆಯುವುದೂ ನಿಧಾನ, ಟ್ರಾನ್ಸ್‌ಫಾರ್ಮ್ ಆಗುವುದೂ ಕಷ್ಟ.

ಪಟ್ಟಿ 45 ಕಿಲೋಡಾಲ್ಟನ್‌ಗಿಂತ ಮೇಲೆ ಮಸುಕಾಗಿ ಹರಡಿದ್ದರೆ ಗಾಬರಿ ಬೇಡ, ಸಕ್ಕರೆ ಅಂಟಿಕೊಂಡಿದೆ. ಸಕ್ಕರೆ ಕತ್ತರಿಸುವ ಎಂಡೋ-ಎಚ್ ಕಿಣ್ವ ಹಾಕಿ ಓಡಿಸಿದರೆ ಕೆಳಗಿಳಿದು ಚೊಕ್ಕ ಪಟ್ಟಿಯಾಗುತ್ತದೆ.

ಕೋಳಿಮೇವು

ಮೇವಿನ ಕಡೆಯಿಂದ ಒಂದೆರಡು ಮಾತು. ಮೆಕ್ಕೆಜೋಳ, ಸೋಯಾ ಹಿಂಡಿಯ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿದ್ದು ಕೋಳಿಗೆ ದಕ್ಕುವುದಿಲ್ಲ. ಅದಕ್ಕೇ ಕಿಲೋ ಮೇವಿಗೆ 500 ಯೂನಿಟ್ ಹತ್ತಿರ ಫೈಟೇಸ್ ಹಾಕಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಕಡಿಮೆ ಮಾಡುವುದು. ಆಪ್‌ಎ ಹೊಟ್ಟೆಯ ಆಮ್ಲದಲ್ಲಿ, ಪೆಪ್ಸಿನ್ ಎದುರು ಚೆನ್ನಾಗಿ ತಾಳುತ್ತದೆ. ಆದರೆ ಪೆಲೆಟ್ ಗಿರಣಿಯ 80–85 ಡಿಗ್ರಿ ಉಗಿಯಲ್ಲಿ ಕಾಡು ರೂಪದ (ಮಾರ್ಪಡಿಸದ) ಕಿಣ್ವ ಉಳಿಯುವುದು ಅಷ್ಟಕ್ಕಷ್ಟೇ. ಲೇಪನ ಕೊಟ್ಟ ಕಾಳು ರೂಪ ಬೇಕು, ಇಲ್ಲವೇ ಪೆಲೆಟ್ ಆರಿದ ಮೇಲೆ ದ್ರವ ಸಿಂಪಡಿಸಬೇಕು. ಪುಡಿ ಮೇವಿಗೆ ಈ ರಗಳೆಯಿಲ್ಲ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣಕಲ್ಲು ಜಾಸ್ತಿ, ಕ್ಯಾಲ್ಸಿಯಂ ಫೈಟೇಟನ್ನು ಕಟ್ಟಿಹಾಕಿ ಕಿಣ್ವಕ್ಕೆ ಸಿಗದಂತೆ ಮಾಡುತ್ತದೆ. ಆದ್ದರಿಂದ ಬ್ರಾಯ್ಲರ್ ಅಂಕಿಗಳನ್ನು ಅಲ್ಲಿಗೆ ನೇರ ಹಾಕಬೇಡಿ.

ಗಾಜಿನ_ಮಣಿ

ಮೆಥನಾಲ್ ಇಷ್ಟು ಕಾಟ ಕೊಡುವುದಾದರೆ ಸದಾ ಚಾಲೂ ಇರುವ ಜಿಎಪಿ ಪ್ರೊಮೋಟರ್ ಬಳಸಿ ಗ್ಲೂಕೋಸ್ ಮೇಲೇ ಓಡಿಸಬಾರದೇಕೆ?

ಮಲೆನಾಡ_ಯೀಸ್ಟ್

ಓಡಿಸಬಹುದು. ಬೆಳೆಯುತ್ತಲೇ ಕಿಣ್ವ ಬರುತ್ತದೆ, ಶಾಖ ಕಡಿಮೆ, ಬೆಂಕಿಯ ಭಯವಿಲ್ಲ. ಕೋಶಕ್ಕೆ ವಿಷವಾಗದ ಪ್ರೋಟೀನಿಗೆ ಅದು ಸಲೀಸು, ಫೈಟೇಸ್ ಆ ಜಾತಿಯದೇ. ಆದರೆ ಬೆಳವಣಿಗೆಯ ಹಂತವನ್ನೂ ಉತ್ಪಾದನೆಯ ಹಂತವನ್ನೂ ಬೇರೆ ಮಾಡುವ ಅನುಕೂಲ ಹೋಗುತ್ತದೆ, ಕಾಪಿ ಕಳೆದುಕೊಂಡ ಕೋಶಗಳು ಮೊದಲ ದಿನದಿಂದಲೇ ಮುಂದೋಡಲು ಹವಣಿಸುತ್ತವೆ. ಮೆಥನಾಲ್ ದಾರಿ ದೊಡ್ಡ ಮಟ್ಟದಲ್ಲಿ ಆಗದ ಮಾತೂ ಅಲ್ಲ. ಈ ಯೀಸ್ಟನ್ನು 1970ರ ದಶಕದಲ್ಲಿ ಫಿಲಿಪ್ಸ್ ಪೆಟ್ರೋಲಿಯಂ ಮೆಥನಾಲ್ ಉಣಿಸಿ ಪಶುಮೇವಿನ ಪ್ರೋಟೀನ್ ಮಾಡಲು ಹೊರಟಿತ್ತು, ತೈಲದ ಬೆಲೆ ಏರಿ ಲೆಕ್ಕ ಕೈಕೊಟ್ಟಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾದದ್ದು ಇದೇ ಪಿಚಿಯಾದಲ್ಲಿ.

ಹುದುಗು_ಬುಗುರಿ

ಫೀಡ್ 4.5ಕ್ಕೆ ಇಳಿಸುವುದು, ಅರ್ಧ ಉಪ್ಪಿನ ಮಾಧ್ಯಮ, 26 ಡಿಗ್ರಿ, ಪಿಡಿ-10 ಹಾಯಿಸಿ ಅಸ್ಸೇ. ಇದೇ ಮುಂದಿನ ಓಟ. ಕೊಯ್ಲಿಗೆ ಮೊದಲು ಏನಾದರೂ ಬಿಟ್ಟುಹೋಗಿದೆಯೇ?

ಪಾಳಿ_ಮೂರು

ಲೆಕ್ಕ ಬರೆಯುವಾಗ ಒಂದು ಗಮನಿಸಿ. ಕೊನೆಯಲ್ಲಿ ಹಸಿ ಕೋಶ ಲೀಟರಿಗೆ 350–400 ಗ್ರಾಂ ಇದ್ದರೆ ಸೆಂಟ್ರಿಫ್ಯೂಜ್ ಮಾಡಿದಾಗ ಸಿಗುವ ತಿಳಿ ದ್ರವ 600–650 ಮಿ.ಲೀ. ಮಾತ್ರ. ಮಿ.ಲೀ. ತಿಳಿಗೆ ಇಷ್ಟು ಯೂನಿಟ್ ಎಂಬ ಅಂಕಿಯನ್ನು ಟ್ಯಾಂಕಿನ ಇಡೀ ಗಾತ್ರಕ್ಕೆ ಗುಣಿಸಿದರೆ ಇಳುವರಿ ಒಂದೂವರೆ ಪಟ್ಟು ಉಬ್ಬುತ್ತದೆ.

ತಿಳಿಯನ್ನು 10 ಕಿಲೋಡಾಲ್ಟನ್ ಪೊರೆಯ ಟ್ಯಾಂಜೆನ್ಶಿಯಲ್ ಸೋಸುವಿಕೆಗೆ ಹಾಕಿ, ಅಸಿಟೇಟ್ ಬಫರ್‌ನಿಂದ ಐದಾರು ಗಾತ್ರ ತೊಳೆಯಿರಿ. ಫಾಸ್ಫೇಟ್ ಹೋಗುತ್ತದೆ, ಕಿಣ್ವ ಗಟ್ಟಿಯಾಗುತ್ತದೆ. ಪೊರೆಗೆ ಕೊಡುವ ಮೊದಲು 0.45 ಮೈಕ್ರಾನ್ ಸೋಸಿ, ನೊರೆನಾಶಕ ಜಾಸ್ತಿ ಸುರಿದಿದ್ದರೆ ಪೊರೆ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ.

ಗಾಜಿನ_ಮಣಿ

ಕಾಗದಪತ್ರ? 5 ಲೀಟರ್ ಅಂದರೂ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ, ಅಂದರೆ ಐಬಿಎಸ್‌ಸಿಯ, ದಾಖಲೆ ಬೇಕಲ್ಲವೇ?

ಉಪ್ಪಿನ_ಲೆಕ್ಕ

ಬೇಕು. ಪರಿಸರ ಸಂರಕ್ಷಣಾ ಕಾಯಿದೆಯಡಿಯ 1989ರ ನಿಯಮಗಳು ಜೀನ್ ಮಾರ್ಪಡಿಸಿದ ಸೂಕ್ಷ್ಮಜೀವಿಗೆ ಪೂರ್ತಿ ಅನ್ವಯಿಸುತ್ತವೆ. ಐಬಿಎಸ್‌ಸಿ ಮೊದಲ ಮೆಟ್ಟಿಲು, ಅದರ ಮೇಲೆ ಕೇಂದ್ರದ ಪರಿಶೀಲನಾ ಸಮಿತಿ ಆರ್‌ಸಿಜಿಎಂ. ಕೊಯ್ದ ಕೋಶದ ರಾಶಿಯನ್ನು ಗೊಬ್ಬರಕ್ಕೆ ಅಂತ ಹಾಗೇ ಹೊರಗೆ ಹಾಕುವಂತಿಲ್ಲ. 121 ಡಿಗ್ರಿಯಲ್ಲಿ ಸಾಯಿಸಿ, ದಪ್ಪ ಗಂಜಿಯಾದ್ದರಿಂದ ಮಾಮೂಲಿ 20 ನಿಮಿಷ ಸಾಲದು, ರಾಶಿಯ ನಡುವಿಗೆ ತಾಪಮಾಪಕ ಇಟ್ಟು ಅಲ್ಲಿ 121 ಮುಟ್ಟಿದ ಮೇಲೆ ಸಮಯ ಎಣಿಸಿ. ಸಾಯಿಸಿದ್ದನ್ನು ಒಂದು ವೈಪಿಡಿ ಪ್ಲೇಟಿಗೆ ಹಚ್ಚಿ 3 ದಿನ ಇಟ್ಟು ನೋಡಿ, ಆ ಫಲಿತಾಂಶವನ್ನೂ ಬ್ಯಾಚ್ ದಾಖಲೆಯಲ್ಲಿ ಅಂಟಿಸಿ.